ಪೋರ್ಟಿಕೊದಲ್ಲಿ ಡೀಸೆಲ್, ಮಹಡಿಯಲ್ಲಿ ಮಗು

ಪ್ರಶ್ನೆ: ನಾವು ಮೈಸೂರಿನಲ್ಲಿದ್ದೇವೆ. ಮಾವನವರು ತಮ್ಮ 2014ರ ಡೀಸೆಲ್ ಕಾರನ್ನು ನಮಗೆ ಕೊಟ್ಟಿದ್ದಾರೆ. 1.3 ಲೀಟರ್ ಎಂಜಿನ್, 74 ಸಾವಿರ ಕಿಲೋಮೀಟರ್ ಓಡಿದೆ. ನಾನು ಇದುವರೆಗೆ ಓಡಿಸಿದ್ದೆಲ್ಲ ಪೆಟ್ರೋಲ್ ಕಾರು. ಬೆಳಿಗ್ಗೆ ಆರೂವರೆಗೆ ಸ್ಟಾರ್ಟ್ ಮಾಡಿದರೆ ಪೋರ್ಟಿಕೊ ಪೂರ್ತಿ ಗಡಗಡ ಅನ್ನುತ್ತದೆ. ಮಹಡಿ ಮನೆಯ ಬಾಡಿಗೆಯವರಿಗೆ ಐದು ತಿಂಗಳ ಮಗುವಿದೆ. ಮಗು ಎದ್ದುಬಿಡುತ್ತೆ ಅಂತ ಎರಡು ಸಲ ಹೇಳಿದರು. ನನ್ನ ಆಫೀಸು 9 ಕಿಲೋಮೀಟರ್ ದೂರ. ಇದನ್ನು ಮಾರಿ ಹೊಸ ಪೆಟ್ರೋಲ್ ಕಾರು ತಗೊಳ್ಳೋಣ ಅನ್ನುತ್ತಾಳೆ ಹೆಂಡತಿ. ಈ ಸದ್ದು ರಿಪೇರಿಯಾಗುವಂಥದ್ದೋ, ಡೀಸೆಲ್ ಅಂದರೆ ಹೀಗೆಯೋ?

ಉತ್ತರ: ಅರ್ಧ ಸ್ವಭಾವ, ಅರ್ಧ ರಿಪೇರಿ. ಆದರೆ ನಿಮ್ಮ ಪತ್ರ ಓದುವಾಗ ನನ್ನ ಗಮನ ಹೋದದ್ದು ಬೇರೆ ಕಡೆಗೆ. ಸದ್ದಿನಿಂದ ನಿಮಗೇ ತೊಂದರೆಯಾಗುತ್ತಿದೆ ಅಂತ ನೀವು ಎಲ್ಲೂ ಬರೆದಿಲ್ಲ. ಗ್ಲಾಸ್ ಏರಿಸಿ ಒಳಗೆ ಕೂತರೆ ಕಾರು ಸುಮಾರಾಗಿ ಸುಮ್ಮನೆಯೇ ಇರುತ್ತದೆ, ಅಲ್ವಾ? ಡೀಸೆಲ್ ಕಾರಿನ ಗುಟ್ಟು ಅದೇ. ಎಂಜಿನ್‌ಗೂ ಡ್ರೈವರ್‌ಗೂ ನಡುವಿನ ತಗಡಿಗೆ ದಪ್ಪ ಪ್ಯಾಡ್ ಹಾಕುತ್ತಾರೆ. ಬಾಗಿಲಿಗೆ ಒಳ್ಳೆಯ ರಬ್ಬರ್ ಬೀಡಿಂಗ್ ಹಾಕುತ್ತಾರೆ. ಇದೆಲ್ಲ ಒಳಗೆ ಕೂತವರಿಗೆ. ಹೊರಗೆ ನಿಂತವರ ಕಿವಿಗೆ ಇದರಿಂದ ಲಾಭ ಕಡಿಮೆ. ಟೆಸ್ಟ್ ಡ್ರೈವ್‌ಗೆ ಹೋದಾಗಲೂ ಎಂಜಿನ್ ಮೊದಲೇ ಬಿಸಿಯಾಗಿರುತ್ತದೆ, ಎಸಿ ಓಡುತ್ತಿರುತ್ತದೆ, ಗ್ಲಾಸ್ ಮೇಲಿರುತ್ತದೆ. ಬೆಳಗಿನ ತಣ್ಣನೆಯ ಎಂಜಿನ್ ಮುಂದೆ ನಿಂತು ಕೇಳಿಸಿಕೊಂಡು ಕಾರು ಕೊಂಡವರನ್ನು ನಾನು ಕಂಡದ್ದೇ ಕಡಿಮೆ. ಕೇಳುವ ಪಾಲು ಬರುವುದು ಪಕ್ಕದ ಮನೆಗೆ.

ಸದ್ದು ಯಾಕೆ ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ. ಯಾವುದು ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ.

ಸಾಮಾನ್ಯ ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ, ಪೆಟ್ರೋಲ್ ಎರಡೂ ಮೊದಲೇ ಬೆರೆತಿರುತ್ತವೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದರೆ ಬೆಂಕಿ ಅಲ್ಲಿಂದ ಸುತ್ತ ಹರಡುತ್ತದೆ. ಒಳಗಿನ ಒತ್ತಡ ಒಂದು ಲೆಕ್ಕದಲ್ಲಿ ಏರುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ. ಅದು ಬರೀ ಗಾಳಿಯನ್ನು ಎಳೆದುಕೊಂಡು ಹಿಂಡುತ್ತದೆ. ನಿಮ್ಮಂಥ ಎಂಜಿನ್‌ನಲ್ಲಿ ಹಿಂಡುವುದು 17 ಪಟ್ಟು ಆಸುಪಾಸು. ಅದೇ ಗಾತ್ರದ ಪೆಟ್ರೋಲ್ ಎಂಜಿನ್‌ನಲ್ಲಿ 10 ಅಥವಾ 11 ಪಟ್ಟು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರುತ್ತೀರಿ. ಇಲ್ಲಿ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಕಾಯುತ್ತದೆ. ಅದರೊಳಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಆದರೆ ಚಿಮ್ಮಿಸಿದ ಕ್ಷಣಕ್ಕೇ ಹೊತ್ತಿಕೊಳ್ಳುವುದಿಲ್ಲ. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದೆರಡು ಭಾಗದಷ್ಟು ಹೊತ್ತು ತಡವಾಗುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವುದನ್ನು ನೆನಪಿಸಿಕೊಳ್ಳಿ. ಎಣ್ಣೆ ಚೆನ್ನಾಗಿ ಕಾದಿದ್ದರೆ ಸಾಸಿವೆ ಬಿದ್ದಬಿದ್ದಂತೆ ಚಟಪಟ ಅನ್ನುತ್ತದೆ. ಎಣ್ಣೆ ಕಾಯುವ ಮೊದಲೇ ಹಾಕಿದರೆ ಸಾಸಿವೆ ತಳದಲ್ಲಿ ಸುಮ್ನೆ ಕೂತಿರುತ್ತದೆ, ಆಮೇಲೆ ಎಲ್ಲವೂ ಒಟ್ಟಿಗೆ ಸಿಡಿದು ಮುಖಕ್ಕೆ ಹಾರುತ್ತದೆ. ಡೀಸೆಲ್ ಎಂಜಿನ್‌ನ ‘ಟಕಟಕ’ ಈ ಎರಡನೆಯ ಥರದ್ದು. ಕಾಯುತ್ತಾ ಕೂತ ಡೀಸೆಲ್ ಒಂದೇ ಏಟಿಗೆ ಉರಿದಾಗ ಒತ್ತಡ ಸರ್ರನೆ ಏರಿ ಎಂಜಿನ್‌ನ ಕಬ್ಬಿಣವನ್ನೇ ಸುತ್ತಿಗೆಯಂತೆ ಬಡಿಯುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕಾಯುವ ಹೊತ್ತು ಇನ್ನೂ ಉದ್ದ, ಏಟು ಇನ್ನೂ ಜೋರು. ಹತ್ತು ನಿಮಿಷ ಓಡಿದ ಮೇಲೆ ಅದೇ ಕಾರು ಮೆತ್ತಗಾಗುವುದು ಇದಕ್ಕೇ. ಡಿಸೆಂಬರ್‌ನಲ್ಲಿ ನಿಮ್ಮ ಮಹಡಿಯವರಿಂದ ಮೂರನೆಯ ದೂರು ಬಂದರೆ ಆಶ್ಚರ್ಯ ಬೇಡ.

ಈ ಏಟನ್ನು ಮೆತ್ತಗೆ ಮಾಡಲು ನೂರು ವರ್ಷದಿಂದ ಒದ್ದಾಡುತ್ತಿದ್ದಾರೆ. ರುಡಾಲ್ಫ್ ಡೀಸೆಲ್ ಅವರ ಎಂಜಿನ್ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಸರಿಯಾಗಿ ಓಡಿದ್ದು 1897ರಲ್ಲಿ. ಅದು ಕಾರಿಗೆ ಬಂದು, ಮರ್ಸಿಡಿಸ್ 260 ಡಿ ಮಾರುಕಟ್ಟೆಗೆ ಇಳಿಯುವಷ್ಟರಲ್ಲಿ 1936 ಆಗಿತ್ತು. ನಡುವಿನ ಅಷ್ಟು ವರ್ಷ ಹಡಗು, ಕಾರ್ಖಾನೆ, ಲಾರಿ ಇವೇ ಅದರ ಜಾಗ. ನಮ್ಮಲ್ಲಿ ಹಿಟ್ಟಿನ ಗಿರಣಿ ಮತ್ತು ಹೊಲದ ಪಂಪ್‌ಸೆಟ್ಟು. ಗಿರಣಿ ಶುರುವಾಗಿದೆ ಅಂತ ಊರ ಆಚೆಗೂ ಗೊತ್ತಾಗುತ್ತಿತ್ತು. ಆಮೇಲೆ ಡೀಸೆಲ್ ಅಂಬಾಸಿಡರ್ ಬಂತು. 1998ರಲ್ಲಿ ಇಂಡಿಕಾ ಬಂತು. ನಮ್ಮ ಬೀದಿಯಲ್ಲಿ ಟ್ಯಾಕ್ಸಿ ಇಟ್ಟಿದ್ದವರೊಬ್ಬರ ಕಾರು ತಿರುವಿನಲ್ಲಿ ಇರುವಾಗಲೇ ಅವರ ಮನೆಯಲ್ಲಿ ತಟ್ಟೆ ಹಾಕುತ್ತಿದ್ದರು.

ನಿಜವಾದ ಬದಲಾವಣೆ ತಂದದ್ದು ಕಾಮನ್ ರೈಲ್. ಹಳೆಯ ಪಂಪು ಡೀಸೆಲನ್ನು ಒಂದೇ ಸಲಕ್ಕೆ ಚಿಮ್ಮಿಸುತ್ತಿತ್ತು. ಕಾಮನ್ ರೈಲ್‌ನಲ್ಲಿ ಒಂದು ಗಟ್ಟಿ ಕೊಳವೆಯಲ್ಲಿ ಡೀಸೆಲ್ ಭಾರೀ ಒತ್ತಡದಲ್ಲಿ ಯಾವಾಗಲೂ ತಯಾರಾಗಿ ನಿಂತಿರುತ್ತದೆ, ಜೋರಾಗಿ ಓಡಿಸುವಾಗ ಅದು 1,000 ಬಾರ್ ದಾಟುತ್ತದೆ. ನಿಮ್ಮ ಟೈರಿನಲ್ಲಿರುವುದು 2 ಬಾರ್ ಚಿಲ್ಲರೆ ಅಂದರೆ ಅಂದಾಜು ಸಿಗುತ್ತದೆ. ಕಂಪ್ಯೂಟರ್ ಹೇಳಿದಾಗ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ತೆರೆಯುತ್ತದೆ. ಮೊದಲು ಒಂದು ಚಿಟಿಕೆ ಡೀಸೆಲ್ ಬಿಡುತ್ತದೆ. ಆ ಚಿಟಿಕೆ ಉರಿದು ಒಳಗಿನ ಗಾಳಿಯನ್ನು ಇನ್ನೂ ಕಾಯಿಸುತ್ತದೆ. ಆಮೇಲೆ ಬರುವ ದೊಡ್ಡ ಪಾಲಿಗೆ ಕಾಯುವ ಕೆಲಸವೇ ಇಲ್ಲ, ಬಿದ್ದಬಿದ್ದಂತೆ ಉರಿಯುತ್ತದೆ. 1997ರಲ್ಲಿ ಆಲ್ಫಾ ರೋಮಿಯೊ 156 ಇದನ್ನು ಕಾರಿಗೆ ತಂದಿತು. ನಮ್ಮಲ್ಲಿ ಸಾಮಾನ್ಯ ಜನರ ಕೈಗೆ ಸಿಕ್ಕಿದ್ದು 2002ರ ಆಕ್ಸೆಂಟ್ ಸಿಆರ್‌ಡಿಐ ಕಾರಿನಲ್ಲಿ. 2007ರಲ್ಲಿ ಡೀಸೆಲ್ ಸ್ವಿಫ್ಟ್ ಬಂತು. ಅದರಲ್ಲಿದ್ದ ಫಿಯೆಟ್‌ನ 1.3 ಮಲ್ಟಿಜೆಟ್ ಎಂಜಿನ್ ಆಮೇಲೆ ಎಷ್ಟು ಕಂಪನಿಗಳ ಕಾರಿಗೆ ಹೋಯಿತೆಂದರೆ, ಅದನ್ನು ರಾಷ್ಟ್ರೀಯ ಎಂಜಿನ್ ಅಂತಲೇ ತಮಾಷೆ ಮಾಡುತ್ತಿದ್ದರು. 2014, 1.3 ಲೀಟರ್, ಡೀಸೆಲ್ ಅಂದಿದ್ದೀರಿ. ನಿಮ್ಮದೂ ಅದೇ ಇರಬೇಕು.

ಅಂದರೆ ನಿಮ್ಮ ಕಾರು ಒರಟು ಕಾಲದ ಡೀಸೆಲ್ ಅಲ್ಲ. ಪೋರ್ಟಿಕೊ ಗಡಗಡ ಅನ್ನಬೇಕಾದರೆ ಇನ್ನೆರಡು ಕಾರಣ ಇರಬೇಕು. ಒಂದು ಪೋರ್ಟಿಕೊವೇ.

ಡೀಸೆಲ್ ಕಾರಿನಲ್ಲಿ ಎರಡು ಥರದ ಸದ್ದು ಇದೆ. ಟಕಟಕ ಅನ್ನುವುದು ತೆಳು ಸದ್ದು. ಗೋಡೆ, ಮುಚ್ಚಿದ ಕಿಟಕಿ ಅದನ್ನು ಬಹಳ ಮಟ್ಟಿಗೆ ತಡೆಯುತ್ತವೆ. ಇನ್ನೊಂದು ಅದರ ಕೆಳಗಿರುವ ಗುಂಯ್ ಅನ್ನುವ ದಪ್ಪ ಸದ್ದು. ಸ್ಟಾರ್ಟ್ ಮಾಡಿ ಹಾಗೇ ಬಿಟ್ಟಾಗ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ನಾಲ್ಕು ಸಿಲಿಂಡರ್ ಅಂದರೆ ಸುತ್ತಿಗೆ ಎರಡು ಏಟು, ನಿಮಿಷಕ್ಕೆ 1,600, ಸೆಕೆಂಡಿಗೆ ಸುಮಾರು 27. ಇಷ್ಟು ದಪ್ಪ ಸದ್ದು ಗೋಡೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಿವಿಗೆ ಕೇಳುವುದಕ್ಕಿಂತ ಮೈಗೆ ತಾಗುವುದೇ ಹೆಚ್ಚು. ನಿಲ್ದಾಣದಲ್ಲಿ ನಿಂತ ಸರ್ಕಾರಿ ಬಸ್ಸಿನ ಕಿಟಕಿ ಗಾಜು ಗಡಗಡ ನಡುಗುತ್ತಿರುತ್ತದೆ, ಡ್ರೈವರ್ ಆಕ್ಸಿಲರೇಟರ್ ಒತ್ತಿದ ಕೂಡಲೇ ನಿಂತುಬಿಡುತ್ತದೆ. ನೋಡಿದ್ದೀರಲ್ಲ? ಆ ಗಾಜಿಗೆ ತನ್ನದೇ ಒಂದು ತಾಳ ಇದೆ. ಎಂಜಿನ್‌ನ ತಾಳ ಅದಕ್ಕೆ ಕೂಡಿಕೊಂಡಾಗ ಕುಣಿಯುತ್ತದೆ, ತಪ್ಪಿದಾಗ ಸುಮ್ಮನಾಗುತ್ತದೆ. ನಿಮ್ಮ ಮನೆಯಲ್ಲೂ ಹೀಗೆ ಆಗುತ್ತಿರಬೇಕು. ಮೂರು ಕಡೆ ಗೋಡೆ, ಮೇಲೆ ಕಾಂಕ್ರೀಟ್ ಚಾವಣಿ, ಅದರ ಮೇಲೆ ಮಲಗುವ ಕೋಣೆ. ಇದನ್ನೇ ಕಟ್ಟಿಸಿಕೊಂಡು ಅದರೊಳಗೆ ಎಂಜಿನ್ ಓಡಿಸಿದರೆ ಡೋಲಿನ ಒಳಗೆ ಕೂತು ಬಾರಿಸಿದ ಹಾಗೆ.

ಕಾನೂನು ಇದಕ್ಕೆ ಸಹಾಯಕ್ಕೆ ಬರುವುದಿಲ್ಲ. 2005ರಿಂದ ಹೊಸ ಕಾರುಗಳಿಗೆ 74 ಡೆಸಿಬೆಲ್ ಮಿತಿ ಇದೆ, ನಿಜ. ಆದರೆ ಅಳೆಯುವುದು ಟೆಸ್ಟ್ ಟ್ರ್ಯಾಕ್‌ನಲ್ಲಿ. ಬಿಸಿಯಾದ ಕಾರು ಸುಮಾರು 50 ಕಿಲೋಮೀಟರ್ ವೇಗದಲ್ಲಿ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಾದುಹೋಗುವಾಗ, ಏಳೂವರೆ ಮೀಟರ್ ದೂರದ ಮೈಕಿನಿಂದ. ತಣ್ಣಗೆ ನಿಂತ ಕಾರು ಬೆಳಿಗ್ಗೆ ಆರೂವರೆಗೆ ಮಾಡುವ ಸದ್ದಿಗೆ ಆ ಪರೀಕ್ಷೆಯಲ್ಲಿ ಜಾಗವೇ ಇಲ್ಲ. ವಿಚಿತ್ರ ಅಂದರೆ, ಪೆಟ್ರೋಲ್‌ಗೂ ಡೀಸೆಲ್‌ಗೂ ವ್ಯತ್ಯಾಸ ಅತಿ ಜಾಸ್ತಿ ಇರುವುದೇ ಆ ಹೊತ್ತಿನಲ್ಲಿ. ಓಡುವ ಕಾರಿನಲ್ಲಿ 50 ದಾಟಿದ ಮೇಲೆ ಟೈರಿನ ಸದ್ದೇ ದೊಡ್ಡದು. ಹೈವೇಯಲ್ಲಂತೂ ಲೆಕ್ಕ ತಲೆಕೆಳಗಾಗಬಹುದು. ನೂರರ ವೇಗದಲ್ಲಿ ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಪೆಟ್ರೋಲ್‌ಗಿಂತ ನಿಧಾನವಾಗಿ ತಿರುಗುತ್ತಿರುತ್ತದೆ. ಸಣ್ಣ ಪೆಟ್ರೋಲ್ ಕಾರು ಕಿರುಚುತ್ತಿರುವ ಕಡೆ ಅದು ಗುನುಗುತ್ತಾ ಹೋಗುತ್ತದೆ. ನಿಮ್ಮ ಮಾವನವರಿಗೆ ಈ ಕಾರು ಇಷ್ಟವಾಗಿದ್ದಕ್ಕೆ ಕಾರಣ ಅದೇ ಇರಬಹುದು.

ಪೆಟ್ರೋಲ್ ಅಂದ ಮಾತ್ರಕ್ಕೆ ಮೌನ ಅಂತಲೂ ಅಲ್ಲ. ಪಕ್ಕದ ಬೀದಿಯ ಬುಲೆಟ್ ಬೈಕ್ ಕುಡಿಯುವುದು ಪೆಟ್ರೋಲನ್ನೇ. ಈಗಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ತುಂಬ ಮೂರು ಸಿಲಿಂಡರ್ ಇವೆ. ನಿಂತಲ್ಲಿ ಅವೂ ಸೀಟನ್ನು ನಡುಗಿಸುತ್ತವೆ. ಆದರೆ ಸುತ್ತಿಗೆ ಏಟು ಇರುವುದಿಲ್ಲ. ಮಗು ಏಳುವುದು ಏಟಿಗೆ.

ಎರಡನೆಯ ಕಾರಣಕ್ಕೆ ಬರುತ್ತೇನೆ. ಹನ್ನೊಂದು ಹನ್ನೆರಡು ವರ್ಷದ ಕಾರಿನಲ್ಲಿ ಸದ್ದು ಜಾಸ್ತಿ ಅಂದರೆ ನಾನು ಮೊದಲು ಅನುಮಾನ ಪಡುವುದು ಎಂಜಿನ್ ಮೌಂಟಿಂಗ್ ಮೇಲೆ. ಎಂಜಿನ್ ಕಾರಿನ ಬಾಡಿಗೆ ನೇರವಾಗಿ ಕೂತಿರುವುದಿಲ್ಲ, ರಬ್ಬರ್ ಇರುವ ಮೌಂಟಿಂಗ್ ಮೇಲೆ ಕೂತಿರುತ್ತದೆ. ಆ ರಬ್ಬರ್ ಒಣಗಿ ಕುಸಿದರೆ ಎಂಜಿನ್‌ನ ನಡುಕ ಎಲ್ಲಾ ಬಾಡಿಗೆ, ಅಲ್ಲಿಂದ ನೆಲಕ್ಕೆ. ಆಫ್ ಮಾಡಿದಾಗ ಕಾರು ಒಂದು ಸಲ ಜೋರಾಗಿ ತೂಗಿ ನಿಲ್ಲುತ್ತದೆಯೇ? ನಿಂತಲ್ಲಿ ಸ್ಟೀರಿಂಗ್ ಕೈಯಲ್ಲಿ ಜುಮ್ ಅನ್ನುತ್ತದೆಯೇ? ಹಾಗಿದ್ದರೆ ಮೌಂಟಿಂಗ್ ಮುಗಿದಿದೆ. ಪೋರ್ಟಿಕೊದ ಗಡಗಡಕ್ಕೆ ಹಾಕಿದ ದುಡ್ಡಿಗೆ ಅತಿ ಜಾಸ್ತಿ ಫಲ ಕೊಡುವ ರಿಪೇರಿ ಇದು.

ಎಂಜಿನ್ ಕೆಳಗೆ ಒಂದು ಪ್ಲಾಸ್ಟಿಕ್ ಶೀಲ್ಡ್ ಇರಬೇಕು. ಗುಂಡಿಗೆ ತಾಗಿ ಮುರಿದಾಗ ಯಾವುದೋ ಗ್ಯಾರೇಜಿನಲ್ಲಿ ಕಿತ್ತು ಬಿಸಾಡಿರುತ್ತಾರೆ, ಓನರಿಗೆ ಹೇಳಿರುವುದೂ ಇಲ್ಲ. ಬಗ್ಗಿ ನೋಡಿ. ಬಾನೆಟ್ ಒಳಗಿನ ದಪ್ಪ ಹಾಸು ಇದೆಯೇ ನೋಡಿ. ಅದನ್ನು ಇಲಿಗಳು ಗೂಡಿಗೆ ಒಯ್ಯುತ್ತವೆ. ನನ್ನ ಹತ್ತಿರ ಬಂದ ಒಂದು ಕಾರಿನಲ್ಲಿ ಹಾಸಿನ ಚೌಕಟ್ಟು ಮಾತ್ರ ಉಳಿದಿತ್ತು, ಏರ್ ಫಿಲ್ಟರ್ ಡಬ್ಬಿಯೊಳಗೆ ಐದು ಮರಿ ಬೆಚ್ಚಗೆ ಮಲಗಿದ್ದವು. ಓನರ್ ಆರು ತಿಂಗಳಿಂದ ಇಂಜೆಕ್ಟರ್ ಕೆಟ್ಟಿದೆ ಅಂದುಕೊಂಡಿದ್ದರು.

ಇಂಜೆಕ್ಟರ್ ನಿಜವಾಗಿ ಕೆಡುವುದೂ ಉಂಟು. ನಾಲ್ಕರಲ್ಲಿ ಒಂದು ಸರಿಯಾಗಿ ಸಿಂಪಡಿಸದಿದ್ದರೆ ಟಕಟಕ ಒಂದೇ ಸಮ ಇರುವುದಿಲ್ಲ, ನಡುವೆ ಒಂದು ಏಟು ಬೇರೆಯಾಗಿ ಕೇಳುತ್ತದೆ. ಪಂಪ್ ನಾಜಲ್ ಕೆಲಸ ಮಾಡುವ ಅಂಗಡಿಯಲ್ಲಿ ಮೆಷಿನ್ ಮೇಲೆ ಇಟ್ಟು ನೋಡುತ್ತಾರೆ. ಟಕಟಕದ ಬದಲು ‘ಚುಸ್ ಚುಸ್’ ಅಂತಿದ್ದರೆ, ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ. ಅಲ್ಲೇ ಸುತ್ತ ಡಾಂಬರಿನಂಥ ಕಪ್ಪು ಮೆತ್ತಿರುತ್ತದೆ. ಇದನ್ನು ಮುಂದೂಡಬೇಡಿ. ಸ್ಟಾರ್ಟ್ ಆದ ಮೊದಲ ಅರ್ಧ ನಿಮಿಷ ಬಿಳಿ ಹೊಗೆ ಬಂದು ಎಂಜಿನ್ ಕುಂಟಿದರೆ, ತಣ್ಣನೆಯ ಎಂಜಿನ್‌ನ ಒಳಗನ್ನು ಕಾಯಿಸುವ ಗ್ಲೋ ಪ್ಲಗ್ ನೋಡಿಸಿ. ಈ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಆಯಿಲ್ ಚೇಂಜನ್ನು ಹಿಂದೆ ಹಾಕುತ್ತಾ ಬಂದ ಕಾರಿನಲ್ಲಿ ಚೈನ್ ಸಡಿಲಾಗಿ, ಸ್ಟಾರ್ಟ್ ಮಾಡಿದಾಗ ಒಂದು ಕ್ಷಣ ಕರಕರ ಅನ್ನುತ್ತದೆ. ಅದು ಡೀಸೆಲ್ ಸದ್ದಲ್ಲ. ಅದನ್ನು ಕೇಳಿಯೂ ಓಡಿಸಿದರೆ ಮುಂದೆ ಎಂಜಿನ್ನೇ ಹೋಗುತ್ತದೆ.

ಇನ್ನು ಅಭ್ಯಾಸದ ಮಾತು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಬೇಕು ಅಂತ ಮಾವನವರು ಹೇಳಿಕೊಟ್ಟಿರಬಹುದು. ಹಳೆಯ ಎಂಜಿನ್ ಓಡಿಸಿದವರೆಲ್ಲ ಹೇಳುತ್ತಾರೆ. ಅವರ ಮಾತನ್ನು ಮೀರುವುದು ಕಷ್ಟ ಅಂತ ಗೊತ್ತು, ಆದರೂ ಮೀರಿ. ಡೀಸೆಲ್ ಎಂಜಿನ್ ನಿಂತಲ್ಲಿ ಬಹಳ ಕಡಿಮೆ ಇಂಧನ ಉರಿಸುತ್ತದೆ, ಹಾಗಾಗಿ ನಿಂತಲ್ಲಿ ಬೇಗ ಬಿಸಿಯಾಗುವುದೇ ಇಲ್ಲ. ಕೀ ತಿರುಗಿಸಿ, ಡ್ಯಾಶ್‌ಬೋರ್ಡಿನ ಸ್ಪ್ರಿಂಗ್ ಚಿತ್ರದ ದೀಪ ಆರುವವರೆಗೆ ಕಾದು, ಸ್ಟಾರ್ಟ್ ಮಾಡಿ, ಇಪ್ಪತ್ತು ಮೂವತ್ತು ಸೆಕೆಂಡು ಬಿಟ್ಟು ಹೊರಡಿ. ಮೊದಲ ಎರಡು ಕಿಲೋಮೀಟರ್ ಜೋರಾಗಿ ಒತ್ತಬೇಡಿ, ಅಷ್ಟೇ. ಗೇಟ್ ತೆಗೆಯುವುದು, ಟಿಫನ್ ಬ್ಯಾಗ್ ಇಡುವುದು, ಗಾಜು ಒರೆಸುವುದು ಎಲ್ಲ ಸ್ಟಾರ್ಟ್ ಮಾಡುವ ಮೊದಲೇ ಮುಗಿದಿರಲಿ. ಐದು ನಿಮಿಷದ ಸದ್ದು ಅರ್ಧ ನಿಮಿಷಕ್ಕೆ ಇಳಿಯುತ್ತದೆ, ಪೈಸೆ ಖರ್ಚಿಲ್ಲದೆ. ಸದ್ದು ಮಾಡಬಾರದು ಅಂತ ಎಂಜಿನ್ ಆಫ್ ಇಟ್ಟು ಇಳಿಜಾರಿನಲ್ಲಿ ಜಾರಿಸಿಕೊಂಡು ಹೋಗಬೇಡಿ. ಬ್ರೇಕ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ.

ಮಗುವಿನ ವಿಷಯದಲ್ಲಿ ನನಗೆ ಸದ್ದಿಗಿಂತ ಹೊಗೆಯ ಚಿಂತೆ ಜಾಸ್ತಿ. ನಿಮ್ಮ ಕಾರು ಬಹುಶಃ ಬಿಎಸ್ 4 ಅನ್ನುವ ಹೊಗೆ ನಿಯಮದ ಕಾಲದ್ದು. ಆ ನಿಯಮದಲ್ಲಿ ಪೆಟ್ರೋಲ್ ಕಾರು ಕಿಲೋಮೀಟರಿಗೆ 0.08 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು, ಡೀಸೆಲ್‌ಗೆ 0.25 ಗ್ರಾಂ ಬಿಟ್ಟಿದ್ದರು. ಮೂರು ಪಟ್ಟು. ಮಸಿಯ ಕಣ ಬೇರೆ. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ನಿಮ್ಮ ಎಂಜಿನ್‌ಗೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಾ ಅರ್ಧ ನಿಮಿಷಕ್ಕೆ ಹೆದರಿ ಮನೆ ಬದಲಿಸಬೇಕು ಅಂತಲ್ಲ. ಆದರೆ ನೀವು ಕಾರನ್ನು ರಿವರ್ಸ್‌ನಲ್ಲಿ ಒಳಗೆ ಹಾಕುತ್ತೀರಾದರೆ ಸೈಲೆನ್ಸರ್ ಮನೆಯ ಕಡೆ ಇರುತ್ತದೆ, ಹೊಗೆ ಚಾವಣಿಗೆ ತಾಗಿ ಮಹಡಿಯ ಕಿಟಕಿಗೆ ಏರುತ್ತದೆ. ಮೂತಿ ಒಳಗೆ ಮಾಡಿ ನಿಲ್ಲಿಸಿದರೆ ಹೊಗೆ ರಸ್ತೆಗೆ ಹೋಗುತ್ತದೆ, ಎಂಜಿನ್ ಮಾತ್ರ ಡೋಲಿನ ಒಳಕ್ಕೆ ಬರುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕು. ನಾನಾದರೆ ಮೂತಿ ಒಳಗೆ ಮಾಡುತ್ತೇನೆ. ಸಂಜೆ ಕಾರನ್ನು ರಸ್ತೆ ಬದಿಯಲ್ಲೇ ನಿಲ್ಲಿಸಲು ಜಾಗ ಇದ್ದರೆ ಎರಡೂ ತಾಪತ್ರಯ ತಪ್ಪುತ್ತದೆ.

ಇನ್ನು ಮಾರುವ ಮಾತು. ದಿನಕ್ಕೆ 18 ಕಿಲೋಮೀಟರ್, ವರ್ಷಕ್ಕೆ 300 ದಿನ ಅಂದರೆ 5,400 ಕಿಲೋಮೀಟರ್. ಊರೊಳಗೆ ನಿಮ್ಮದು ಲೀಟರಿಗೆ 18 ಕೊಡುತ್ತದೆ, ಅಂಥದ್ದೇ ಪೆಟ್ರೋಲ್ ಕಾರು 14 ಕೊಡುತ್ತದೆ ಅಂತ ಇಟ್ಟುಕೊಳ್ಳೋಣ. ಡೀಸೆಲ್ 91 ರೂಪಾಯಿ, ಪೆಟ್ರೋಲ್ 103 ಅಂದರೆ ವರ್ಷಕ್ಕೆ ಉಳಿಯುವುದು ಸುಮಾರು 12 ಸಾವಿರ. ತಿಂಗಳಿಗೆ ಸಾವಿರ. ಅದರಲ್ಲಿ ಒಂದಿಷ್ಟು ಡೀಸೆಲ್‌ನ ದುಬಾರಿ ಸರ್ವೀಸ್ ತಿನ್ನುತ್ತದೆ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ, ಡೀಸೆಲ್ 41 ರೂಪಾಯಿ ಇತ್ತು. ಆ ಕಾಲದಲ್ಲಿ ಜನ ಸದ್ದನ್ನೂ ಹೊಗೆಯನ್ನೂ ನುಂಗಿಕೊಂಡು ಡೀಸೆಲ್ ಕೊಂಡದ್ದರಲ್ಲಿ ಅರ್ಥ ಇತ್ತು. ಈಗ ಇಷ್ಟು ಕಡಿಮೆ ಓಡಾಟಕ್ಕೆ ಡೀಸೆಲ್ ಕೊಳ್ಳಿ ಅಂತ ಯಾರಿಗೂ ಹೇಳುವುದಿಲ್ಲ. ಆದರೆ ನೀವು ಕೊಳ್ಳುತ್ತಿಲ್ಲ, ಕೈಗೆ ಬಂದಿದೆ. ಹೊಸ ಕಾರಿನ ಒಂದು ವರ್ಷದ ಇಎಂಐ ದುಡ್ಡಿನ ಮುಂದೆ ಮೌಂಟಿಂಗ್, ಶೀಲ್ಡ್, ಹಾಸು ಇವುಗಳ ಖರ್ಚು ಏನೂ ಅಲ್ಲ. ಹತ್ತು ವರ್ಷ ಆದ ಮೇಲೆ ಡೀಸೆಲ್ ಕಾರು ಓಡಿಸಬಾರದು ಅನ್ನುವ ನಿಯಮ ದೆಹಲಿ ಸುತ್ತಮುತ್ತಲಿಗೆ ಬಂದದ್ದು, ಮೈಸೂರಿಗಲ್ಲ. ನಿಮ್ಮ ಆರ್‌ಸಿ 2029ರವರೆಗೆ ಇರುತ್ತದೆ.

ಹಾಗಾಗಿ ಇಟ್ಟುಕೊಳ್ಳಿ, ಸರಿಮಾಡಿಸಿ. ಮುಂದೆ ಯಾವಾಗಲೋ ಹೊಸದು ಕೊಳ್ಳುವಾಗ ನಿಮ್ಮ ಹೆಂಡತಿ ಹೇಳಿದ್ದೇ ಸರಿ, ಪೆಟ್ರೋಲ್ ತಗೊಳ್ಳಿ. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು. ಹೊಗೆ ಬಹಳ ಶುದ್ಧವಾಯಿತು. ಆದರೆ ಆ ಫಿಲ್ಟರ್‌ನಲ್ಲಿ ತುಂಬಿದ ಮಸಿ ಸುಮಾರು 600 ಡಿಗ್ರಿ ಬಿಸಿಯಲ್ಲಿ ಉರಿದುಹೋಗಬೇಕು. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಒಳ್ಳೆಯ ವೇಗದಲ್ಲಿ ಓಡಬೇಕು. ಸಿಗ್ನಲ್‌ನಿಂದ ಸಿಗ್ನಲ್‌ಗೆ 9 ಕಿಲೋಮೀಟರ್ ಹೋಗುವವರಿಗೆ ಅದು ಆಗುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ದೀಪ ಹೊತ್ತಿಕೊಳ್ಳುತ್ತದೆ. ಮಾರುತಿಯವರು ಆಗಲೇ ಡೀಸೆಲ್ ಕಾರು ಮಾಡುವುದನ್ನು ನಿಲ್ಲಿಸಿದರು.

ಗ್ಯಾರೇಜಿಗೆ ಕೊಡುವಾಗ ಒಂದು ಜಾಣತನ ಮಾಡಿ. ಮಧ್ಯಾಹ್ನ ಓಡಿಸಿಕೊಂಡು ಹೋಗಿ ‘ಸೌಂಡ್ ಬರ್ತಿದೆ ಕೇಳಿ’ ಅಂದರೆ ಬಿಸಿ ಎಂಜಿನ್ ಬೆಣ್ಣೆಯಂತೆ ಓಡುತ್ತದೆ, ಮೆಕ್ಯಾನಿಕ್ ನಿಮ್ಮನ್ನೇ ಒಂಥರಾ ನೋಡುತ್ತಾನೆ. ಹಿಂದಿನ ರಾತ್ರಿಯೇ ಕಾರು ಬಿಟ್ಟು ಬನ್ನಿ, ಬೆಳಿಗ್ಗೆ ನೀವು ಬಂದ ಮೇಲೆಯೇ ಸ್ಟಾರ್ಟ್ ಮಾಡಲು ಹೇಳಿ. ಮೊದಲ ಒಂದು ನಿಮಿಷ ಬಾನೆಟ್ ತೆಗೆದು ಇಬ್ಬರೂ ಹತ್ತಿರ ನಿಂತು ಕೇಳಿ. ಹಾಗೇ ರಿವರ್ಸ್ ಗೇರ್ ಹಾಕಿದಾಗ ಕಾರಿನ ಹಿಂದಿನಿಂದ ಏನಾದರೂ ಹಾಡು ಬರುತ್ತದೆಯೇ ನೋಡಿ. ಬಂದರೆ ಅದರ ವೈರನ್ನು ಅಲ್ಲೇ ಕೀಳಿಸಿಬಿಡಿ.